ಒಳಗಿನ ಗುರುತು

"ಯುಎಸ್‌ಬಿ ಸಾಧನವನ್ನು ಗುರುತಿಸಲಾಗಿಲ್ಲ."

ಬೆಳಗ್ಗೆಯಿಂದ ನಮ್ಮ ಅಂಗಡಿಯ ಕಂಪ್ಯೂಟರಿನ ಬಾಯಲ್ಲಿ ಇದೊಂದೇ ಮಾತು. ಅದೂ ಎಂಥ ಮಾತು. ನಮ್ಮ ಬೀದಿಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರೆಯೇ? "ಇದ್ಯಾರೋ ಗೊತ್ತಾಗ್ತಿಲ್ಲ ಕಣಮ್ಮ" ಅಂದಿದ್ದರೆ ನಾನೂ ಒಂದಿಷ್ಟು ತಾಳ್ಮೆ ತಂದುಕೊಳ್ಳುತ್ತಿದ್ದೆನೇನೋ. ಗುರುತಿಸಲಾಗಿಲ್ಲವಂತೆ. ಕಳೆದ ತಿಂಗಳು ಇದೇ ಕಂಪ್ಯೂಟರು ಇದೇ ಬೋರ್ಡನ್ನು, ಮೂತಿ ತೂರಿಸಿದ ಕೂಡಲೇ, ಟಿಂಗ್ ಎಂದು ಒಳಗೆ ಕರೆದುಕೊಂಡಿತ್ತು. ಈಗ ಕಂಡೂ ಕಾಣದವರ ಹಾಗೆ ಮುಖ ತಿರುಗಿಸಿತ್ತು.

ಬೋರ್ಡನ್ನು ಕಿತ್ತೆ, ಊದಿದೆ, ಮತ್ತೆ ಹಾಕಿದೆ. ಅದರ ಹಸಿರು ದೀಪ ಹತ್ತಿತು. ಪರದೆಯ ಮೂಲೆಯಲ್ಲಿ ಅದೇ ಮಾತು ಬಂತು. ಮತ್ತೆ ಕಿತ್ತೆ.

"ಅಷ್ಟು ಸಲ ಹಾಕಿ ತೆಗೆದ್ರೆ ಇರೋ ಜೀವಾನೂ ಹೋಗುತ್ತೆ," ಅಂದರು ಇಸ್ತ್ರಿ ಮೇಜಿನಿಂದ ನಮ್ಮನೆಯವರು.

"ನೀವು ನಿಮ್ಮ ಕಾಲರ್ ನೋಡ್ಕೊಳ್ರೀ."

ಅವರು ಕಾಲರ್ ನೋಡಿಕೊಂಡರು. ನಮ್ಮ ಮದುವೆ ಇಷ್ಟು ವರ್ಷ ಉಳಿದಿರುವುದೇ ಅವರ ಈ ಗುಣದಿಂದ.

ನಮ್ಮದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮೆಟ್ಟಿಲು. ಅಮ್ಮ ಕಟ್ಟಿದ ಅಂಗಡಿ ಇದು. ಒಗೆಯುವುದಕ್ಕೆ ಯಂತ್ರ ಬಂತು, ಒಣಗಿಸುವುದಕ್ಕೆ ಯಂತ್ರ ಬಂತು, ಆದರೆ ಗುರುತು ಹಾಕುವ ಕೆಲಸವನ್ನು ಅಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಬಂದ ಪ್ರತಿ ಬಟ್ಟೆಗೂ ಅದು ಯಾವ ಮನೆಯದು ಎಂದು ತಿಳಿಯಲು ಒಂದು ಗುರುತು ಬೇಕು. ಒಬ್ಬರಿಗೆ ಮೂರು ಚುಕ್ಕೆ, ಇನ್ನೊಬ್ಬರಿಗೆ ಗೀಟಿನ ಮೇಲೆ ಗೀಟು, ಹೀಗೆ. ನಮ್ಮ ಮನೆಯ ಬಟ್ಟೆಗೆ ಒಂದು ಚುಕ್ಕೆ, ಪಕ್ಕದಲ್ಲಿ ಒಂದು ಸಣ್ಣ ಗೀಟು. ಎಷ್ಟು ಒಗೆದರೂ ಹೋಗದ ಕಪ್ಪು ಮಸಿಯಲ್ಲಿ, ಒಳಗಡೆ, ಹೊರಗಿನವರ ಕಣ್ಣಿಗೆ ಬೀಳದ ಕಡೆ. "ಗುರುತು ಒಳಗಿರಬೇಕು, ಮೆರೆಸೋಕಲ್ಲ ಅದು" ಎನ್ನುವುದು ಅಮ್ಮನ ಒಂದು ಮಾತು. "ಗುರುತಿಲ್ಲದ್ದು ಮನೆ ಸೇರಲ್ಲ" ಎನ್ನುವುದು ಇನ್ನೊಂದು. ನಾನೂ ಅಕ್ಕನೂ ಈ ಎರಡು ಮಾತು ಕೇಳಿಕೊಂಡೇ ಬೆಳೆದವರು.

ಈಗ ಅಮ್ಮನಿಗೇ ಯಾರ ಗುರುತೂ ಸಿಗುವುದಿಲ್ಲ. ಮರೆವಿನ ಕಾಯಿಲೆ. ಕೆಲವು ದಿನ ನಾನು ಮಗಳು, ಕೆಲವು ದಿನ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಅದೂ ಸೋಮಾರಿ ಹುಡುಗಿ. ಅಳಿಯ ಮಾತ್ರ ಯಾವಾಗಲೂ ಇಸ್ತ್ರಿಯವನೇ. ಅದರಲ್ಲಿ ಸುಳ್ಳೇನಿಲ್ಲವಲ್ಲ ಅನ್ನುತ್ತಾರೆ ಅವರು. ಒಂದು ದಿನ ಅಮ್ಮ ಬೇರೆಯವರ ಅಂಗಿಗಳಿಗೆಲ್ಲ ನಮ್ಮ ಮನೆಯ ಗುರುತು ಹಾಕಿಬಿಟ್ಟಳು. ಗಿರಾಕಿಗಳು ಬಂದು ಹಾರಾಡಿದರು. ಅವತ್ತೇ ಮಸಿ ಬಾಟಲಿಯನ್ನು ಅಟ್ಟದ ಮೇಲೆ ಅಡಗಿಸಿಟ್ಟೆ. ಅಮ್ಮ ಅದನ್ನು ಬಹಳ ದಿನ ಹುಡುಕಿದಳು.

ಉಳಿದದ್ದೆಲ್ಲ ಮರೆತರೂ ಒಗೆದ ಬಟ್ಟೆಯನ್ನು ಮನೆ ಮುಟ್ಟಿಸಬೇಕು ಎನ್ನುವುದೊಂದು ಅವಳ ತಲೆಯಿಂದ ಹೋಗಲಿಲ್ಲ. ಎರಡು ಸಲ ಗಂಟು ಹೊತ್ತು ಹೊರಟುಬಿಟ್ಟಳು. ಎರಡನೆಯ ಸಲ ಸಿಕ್ಕಿದ್ದು ಊರಾಚೆಯ ಹೆದ್ದಾರಿಯ ನಡುವೆ. ಎರಡೂ ಕಡೆ ಲಾರಿಗಳು ನಿಂತು ಹಾರನ್ ಹೊಡೆಯುತ್ತಿದ್ದವು, ಅಮ್ಮ ಯಾರದೋ ಕಿಟಕಿ ಪರದೆಗಳನ್ನು ಎದೆಗವಚಿಕೊಂಡು ನಿಂತಿದ್ದಳಂತೆ. ಫೋನ್ ಹೋದದ್ದು ಅಕ್ಕನಿಗೆ, ನನಗಿಂತ ಮೊದಲು ಓಡಿದವಳೂ ಅವಳೇ.

ಅಕ್ಕನಿಗೆ ನಾನಿಟ್ಟ ಹೆಸರು ಕಲೆಕ್ಟರ್. ಕೆಲಸ ಬ್ಯಾಂಕಿನಲ್ಲಿ, ಗತ್ತು ಇಡೀ ಜಿಲ್ಲೆಗಾಗುವಷ್ಟು. ಆದರೆ ಅವತ್ತು ರಸ್ತೆ ಬದಿಯಲ್ಲಿ ಅಮ್ಮನ ಕೈ ಹಿಡಿದು ನಿಂತಿದ್ದವಳ ಕಾಲಲ್ಲಿ ಚಪ್ಪಲಿಯೂ ಇಲ್ಲದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಾದ ಮೇಲೆ ಒಂದು ವೃದ್ಧಾಶ್ರಮಕ್ಕೆ ಹೋಗಿ ಮಾತಾಡಿಕೊಂಡು ಬಂದಳು. ಅವಳು ಕೇರ್ ಹೋಮ್ ಅನ್ನುತ್ತಾಳೆ. ಏನೆಂದು ಕರೆದರೇನು, ಬಾಗಿಲಿಗೆ ಬೀಗ ಹೊರಗಿನಿಂದ.

ನಾನು ಒಪ್ಪಲಿಲ್ಲ. ಜಗಳವಾಡಿದೆ, ಅತ್ತೆ, ಮಾತು ಬಿಟ್ಟೆ. ಕೊನೆಗೆ ಕಾಗೆಯನ್ನು ತಂದೆ.

ಕಾಗೆ ಎಂದರೆ ಈ ಬೋರ್ಡು. ಪಕ್ಕದ ಬೀದಿಯಲ್ಲಿ ಮೊಬೈಲ್ ರಿಪೇರಿ ಮಾಡುವವನು, ಎಲ್ಲರೂ ಸ್ಕ್ರೂ ಎಂದು ಕರೆಯುವವನು, ಮಾಡಿಕೊಟ್ಟದ್ದು. ಪೆನ್‌ಡ್ರೈವಿಗಿರುವಂತೆ ಮುಂದೆ ಲೋಹದ ಮೂತಿ, ಹಿಂದೆ ಬೆರಳುದ್ದದ ಬೋರ್ಡು, ಅದರ ಮೇಲೆ ಒಂದು ಚಿಪ್, ಒಂದು ಹಸಿರು ದೀಪ, ಕೂಗುವುದಕ್ಕೊಂದು ಕರಿ ಬಿಲ್ಲೆ. ಮೇಲಿನ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಚಾರ್ಜರಿಗೆ ಅದನ್ನು ಸಿಕ್ಕಿಸಿ, ಬಾಗಿಲಿಗೊಂದು ಅಯಸ್ಕಾಂತ ಅಂಟಿಸಿದ್ದೆವು. ಬಾಗಿಲು ತೆರೆದು ಅಯಸ್ಕಾಂತ ಹತ್ತಿರ ಬಂದರೆ ಕೂಗು. ಕೂಗೆಂದರೆ ಕೂಗು, ಕೆಳಗೆ ಯಂತ್ರಗಳ ಸದ್ದಿನಲ್ಲೂ ಕೇಳಬೇಕಲ್ಲ. ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅನ್ನುತ್ತಾರೆ. ನಮ್ಮ ಕಾಗೆ ಕೂಗಿದರೆ ಅಮ್ಮ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ಬೆಂಕಿ ಬಿತ್ತು, ಬಟ್ಟೆ ಎತ್ತಿ, ಬಟ್ಟೆ ಎತ್ತಿ ಎಂದು ಅಳುತ್ತಿದ್ದಳು.

ಹೋದ ಭಾನುವಾರ ಅಕ್ಕ ಬಂದಿದ್ದಾಗಲೇ ಹಾಗಾಯಿತು. ಅಕ್ಕ ತಾನೂ ನೆಲಕ್ಕೆ ಕೂತು, ಅಮ್ಮನನ್ನು ಮೆಲ್ಲಗೆ ಹೊರಗೆಳೆದು, ಎದೆಗೆ ಒರಗಿಸಿಕೊಂಡಳು. ನನ್ನ ಮುಖ ನೋಡದೆ ಮಾತಾಡಿದಳು.

"ಬಾಗಿಲು ತೆಗೆದ್ರೆ ನಿಂಗೆ ಗೊತ್ತಾಗಬೇಕು. ಅಮ್ಮ ಹೆದರಬಾರದು. ಎರಡೂ ಆಗೋದಾದ್ರೆ ಇಲ್ಲೇ ಇರ್ಲಿ, ನಾನು ಬೇಡ ಅನ್ನಲ್ಲ. ಇಲ್ಲಾಂದ್ರೆ ಕಳಿಸೋಣ. ಗುರುವಾರ ಸಾಯಂಕಾಲದ ತನಕ ಜಾಗ ಇಟ್ಟಿರ್ತೀವಿ ಅಂದಿದಾರೆ. ಅವತ್ತು ಬಂದು ನೋಡ್ತೀನಿ. ಮತ್ತೆ, ಬಟ್ಟೆಗೆಲ್ಲ ಗುರುತು ಹಾಕಿ ಕಳಿಸಬೇಕಂತೆ. ಇಲ್ಲಾಂದ್ರೆ ಅಲ್ಲಿ ಕಳೆದುಹೋಗುತ್ತಂತೆ. ನೀನೇ ಹಾಕಿಡು."

"ನಾನು ಹಾಕಲ್ಲ," ಅಂದೆ.

ಅಮ್ಮ ಅಕ್ಕನ ಎದೆಗೆ ಒರಗಿ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದಳು.

ಸ್ಕ್ರೂ ಬುಧವಾರ ಬಂದು ಮೆಟ್ಟಿಲ ಪಕ್ಕದಲ್ಲಿ ವೈರ್ ಎಳೆದು, ಇಸ್ತ್ರಿ ಮೇಜಿನ ಮೇಲೆ ಒಂದು ಪುಟ್ಟ ಬೆಲ್ ಕೂರಿಸಿಹೋದ. ಇನ್ನು ಉಳಿದದ್ದು ಇಷ್ಟೇ: ಮೇಲೆ ಕೂಗಬೇಡ, ಕೆಳಗಿನ ಬೆಲ್ ಬಾರಿಸು ಎಂದು ಕಾಗೆಗೆ ಹೇಳಿಕೊಡುವುದು. ಅದನ್ನು ಕಂಪ್ಯೂಟರಿನಿಂದಲೇ ಹೇಳಿಕೊಡಬೇಕು. ಹೋದ ತಿಂಗಳು ಕೂಗುವ ಹೊತ್ತನ್ನು ಕಡಿಮೆ ಮಾಡಿದ್ದು ನಾನೇ, ಆದ್ದರಿಂದ ಈ ಸಲವೂ ನಾನೇ ಮಾಡುತ್ತೇನೆ ಎಂದು ಜಂಬ ಕೊಚ್ಚಿಕೊಂಡಿದ್ದೆ. ಹೊಸ ಪ್ರೋಗ್ರಾಮ್ ಪರದೆಯ ಮೇಲೆ ಸಿದ್ಧವಾಗಿತ್ತು. ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಗುರುವಾರ ಬೆಳಗ್ಗೆ ಕಾಗೆಯನ್ನು ಗೋಡೆಯಿಂದ ಬಿಡಿಸಿ, ಅಮ್ಮನನ್ನು ಕೈ ಹಿಡಿದು ಕೆಳಗಿಳಿಸಿ, ಇಸ್ತ್ರಿ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮಡಿಚುವುದಕ್ಕೆ ಒಂದು ರಾಶಿ ಕರವಸ್ತ್ರ ಕೊಟ್ಟು, ಕಂಪ್ಯೂಟರಿನ ಮುಂದೆ ಕೂತೆ.

ಆಗ ಶುರುವಾದದ್ದು ಈ ಗುರುತಿಸಲಾಗಿಲ್ಲ.

ಮುಂದಿನ ತೂತಿಗೆ ಹಾಕಿದೆ, ಹಿಂದಿನ ತೂತಿಗೆ ಹಾಕಿದೆ. ಮೌಸ್ ಕಿತ್ತು ಅದರ ಜಾಗಕ್ಕೆ ಹಾಕಿದೆ, ಆಮೇಲೆ ಮೌಸ್ ಇಲ್ಲದೆ ಏನೂ ಮಾಡಲಾಗದೆ ನನ್ನನ್ನೇ ಬೈದುಕೊಂಡೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಡ್ರೈವರ್ ಅಳಿಸಿ ಹೊಸದಾಗಿ ಹಾಕಿದೆ. ಅದು ತನ್ನ ಪಟ್ಟೆಯನ್ನು ಮೆಲ್ಲಮೆಲ್ಲಗೆ ತುಂಬಿಕೊಳ್ಳುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೌಂಟರಿನಿಂದ ಬಾಗಿಲಿಗೆ, ಬಾಗಿಲಿನಿಂದ ಕೌಂಟರಿಗೆ ಓಡಾಡಿದೆ. ನಡುವೆ ಒಬ್ಬ ಗಿರಾಕಿ ಕೋಟು ತಂದು, ಯಾವಾಗ ಸಿಗುತ್ತೆ ಎಂದು ಕೇಳಿದ.

"ಗುರುತಿಸಲಾಗಿಲ್ಲ," ಅಂದುಬಿಟ್ಟೆ.

ಅವನು ಕೋಟನ್ನು ಅಲ್ಲೇ ಇಡಬೇಕೋ ಎತ್ತಿಕೊಂಡು ಹೋಗಬೇಕೋ ತಿಳಿಯದೆ ನಿಂತ. ನಮ್ಮನೆಯವರು ಬಂದು ಅವನ ಕೈಯಿಂದ ಕೋಟು ತೆಗೆದುಕೊಂಡು, ಶನಿವಾರ ಬನ್ನಿ ಸರ್ ಅಂದರು.

ಬೋರ್ಡೇ ಸತ್ತಿದೆಯೋ ಏನೋ ಎಂದು ಮೆಟ್ಟಿಲು ಹತ್ತಿ ಓಡಿ, ಮತ್ತೆ ಗೋಡೆಯ ಚಾರ್ಜರಿಗೆ ಸಿಕ್ಕಿಸಿ ಬಾಗಿಲು ತೆರೆದೆ. ಕಾಗೆ ಬೀದಿಗೆಲ್ಲ ಕೇಳುವಂತೆ ಕೂಗಿತು. ಕೆಳಗಿನಿಂದ ಅಮ್ಮನ ಅಳು ಕೇಳಿತು, ಅದರ ಹಿಂದೆಯೇ "ಏನಿಲ್ಲಮ್ಮ, ಏನಿಲ್ಲ, ಕಾಗೆ ಅದು" ಎನ್ನುವ ನಮ್ಮನೆಯವರ ದನಿ. ಬಾಗಿಲು ಮುಚ್ಚಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಮ್ಮ ಕೆಳಗಿದ್ದಾಳೆ, ಕೇಳಿಸುತ್ತದೆ ಎಂದು ಯೋಚಿಸಬೇಕಿತ್ತು. ಆದರೂ ಒಂದು ವಿಷಯ ಗೊತ್ತಾಯಿತು. ಗೋಡೆಗೆ ಹಾಕಿದರೆ ಅದಕ್ಕೆ ಪೂರ್ತಿ ಜೀವ, ಕಂಪ್ಯೂಟರಿಗೆ ಹಾಕಿದರೆ ಮಾತ್ರ ಪರಿಚಯ ಇಲ್ಲ. ಹಾಗಾದರೆ ತಪ್ಪು ಕಂಪ್ಯೂಟರಿನದೇ ಎಂದುಕೊಂಡು ಸ್ಕ್ರೂ ಅಂಗಡಿಗೆ ಹೊರಟೆ.

"ಬನ್ನಿ ಆಂಟಿ," ಅಂದ ಸ್ಕ್ರೂ. ಅವನ ಮುಂದಲೆಯ ಕೂದಲೆಲ್ಲ ಉದುರಿದೆ, ನನ್ನ ವಾರಿಗೆಯವನೇ ಇರಬೇಕು. ಬೇರೆ ದಿನವಾಗಿದ್ದರೆ ಆ ಆಂಟಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದೆ.

ಅವನ ಕಂಪ್ಯೂಟರಿಗೆ ಹಾಕಿದ. ಅದು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿತು.

"ನೋಡಿ ಆಂಟಿ, ಈ ಮೂತಿಯೊಳಗೆ ನಾಲ್ಕು ಪಟ್ಟಿ ಇರುತ್ತೆ. ಆ ಕಡೆ ಈ ಕಡೆದು ಕರೆಂಟಿಗೆ. ನಡುವಿನ ಎರಡು ಮಾತಾಡೋಕೆ. ದೀಪ ಹತ್ತುತ್ತೆ ಅಂದ್ರೆ ಕರೆಂಟು ಹೋಗ್ತಿದೆ. ಮಾತು ಹೋಗ್ತಿಲ್ಲ."

"ಯಾಕೆ ಹೋಗ್ತಿಲ್ಲ?"

"ಅದೇ ನೋಡಬೇಕು." ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಪ್‌ನ ಕಾಲುಗಳನ್ನು ಒಂದೊಂದಾಗಿ ನೋಡಿದ. ಎರಡು ಕಡೆ ಹೊಸದಾಗಿ ಬೆಸುಗೆ ಹಾಕಿದ. ಮತ್ತೆ ಹಾಕಿ ನೋಡಿದ. ನಾನು ಅವನ ಬೆನ್ನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ಬ್ಲೀಚಿನಲ್ಲಿ ಅದ್ದಿ ಅದ್ದಿ ಬಣ್ಣಗೆಟ್ಟ ಉಗುರುಗಳು. ಅವನ್ನು ಮುಚ್ಚಲು ಹಚ್ಚುತ್ತಿದ್ದ ನೈಲ್ ಪಾಲಿಶ್ ಬಾಟಲಿ ಈ ವಾರ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ, ಶನಿ ಹೆಗಲೇರಿದರೆ ಎಲ್ಲವೂ ಹೀಗೆಯೇ.

"ಚಿಪ್ ಒಳಗೇ ಹೋಗಿದೆ ಆಂಟಿ. ಕೂಗೋ ಭಾಗ ಬದುಕಿದೆ, ಮಾತಾಡೋ ಭಾಗ ಸತ್ತಿದೆ. ಹೊಸದು ತರಿಸ್ತೀನಿ, ಸೋಮವಾರ ಬರುತ್ತೆ."

"ನನಗೆ ಇವತ್ತು ಸಾಯಂಕಾಲಕ್ಕೆ ಬೇಕು."

"ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ ಆಂಟಿ."

"ಸೋಮವಾರಕ್ಕೆ ನಮ್ಮಮ್ಮ ಇಲ್ಲಿರಲ್ಲ ಕಣೋ." ಇಷ್ಟು ಹೊತ್ತು ಬಾಯಿಬಿಟ್ಟು ಹೇಳದೆ ಇದ್ದದ್ದು ಸ್ಕ್ರೂ ಮುಂದೆ ಬಂದುಬಿಟ್ಟಿತು. ಅವನು ಕಣ್ಣಿಂದ ಗಾಜು ತೆಗೆದ. ಆಮೇಲೆ ನಾಲ್ಕಾರು ಅಂಗಡಿಗೆ ಫೋನ್ ಮಾಡಿದ. ಎಲ್ಲಿಯೂ ಆ ಬೋರ್ಡು ಇರಲಿಲ್ಲ.

ಅಂಗಡಿಗೆ ವಾಪಸ್ ಬಂದಾಗ ಬಿಸಿಲು ಕೌಂಟರ್ ದಾಟಿ ಗೋಡೆಗೆ ಹತ್ತಿತ್ತು. ಅಮ್ಮ ಕರವಸ್ತ್ರಗಳನ್ನೆಲ್ಲ ಮಡಿಚಿ, ಬಿಚ್ಚಿ, ಮತ್ತೆ ಮಡಿಚುತ್ತಿದ್ದಳು. ನಮ್ಮನೆಯವರು ನನ್ನ ಮುಖ ನೋಡಿ ಟೀ ತಂದಿಟ್ಟರು. ಟೀ ಆರಿತು. ನಾನು ಬುದ್ಧಿಯಿಲ್ಲದವಳ ಹಾಗೆ ಇನ್ನೊಂದು ಸಲ ಕಾಗೆಯನ್ನು ಕಂಪ್ಯೂಟರಿಗೆ ಹಾಕಿದೆ.

ಯುಎಸ್‌ಬಿ ಸಾಧನವನ್ನು ಗುರುತಿಸಲಾಗಿಲ್ಲ.

ಕಿತ್ತು ಎಸೆದೆ. ಅದು ಗೋಡೆಗೆ ತಾಗಿ, ನೆಲದ ಮೇಲೆ ಜಾರಿಕೊಂಡು ಹೋಗಿ ಅಮ್ಮನ ಕಾಲ ಬಳಿ ನಿಂತಿತು.

"ಹೋಗ್ಲಿ ಬಿಡ್ರೀ. ಕಲೆಕ್ಟರ್ ಬಂದು ಕರ್ಕೊಂಡು ಹೋಗ್ಲಿ," ಅಂದೆ. "ನನ್ನ ಕೈಲಿ ಏನೂ ಆಗಲ್ಲ."

ಅಮ್ಮ ಬಗ್ಗಿ ಕಾಗೆಯನ್ನು ಎತ್ತಿಕೊಂಡಳು. ಅವಳ ಬೆರಳುಗಳಿಗೆ ಏನನ್ನೂ ಮರೆತು ಗೊತ್ತಿಲ್ಲ. ನೆಲಕ್ಕೆ ಬಿದ್ದ ಅಂಗಿ ಎತ್ತಿಕೊಂಡರೆ ಮೊದಲು ಕಾಲರ್ ತಿರುವಿ ಒಳಗೆ ನೋಡುವವಳು ಅವಳು. ಈಗಲೂ ಹಾಗೆಯೇ ಅದನ್ನು ತಿರುಗಿಸಿ, ಮೂತಿಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು.

"ಇದು ನಮ್ಮದೇ," ಅಂದಳು. "ಗುರುತಿದೆ."

"ಯಾರಿಗಮ್ಮ ಗುರುತಿದೆ?" ನನ್ನ ದನಿ ಏರಿತು. "ಕಂಪ್ಯೂಟರಿಗೆ ಗುರುತಿಲ್ಲ, ಸ್ಕ್ರೂ ಕಂಪ್ಯೂಟರಿಗೂ ಗುರುತಿಲ್ಲ. ಬೆಳಗ್ಗೆಯಿಂದ ಅದೊಂದೇ ಹೇಳಿ ಸಾಯಿಸ್ತಿದೆ, ಗುರುತಿಲ್ಲ ಗುರುತಿಲ್ಲ ಅಂತ. ನಿಂಗೆ ಮಾತ್ರ ಗುರುತಿದೆಯಾ?"

ಅಮ್ಮ ಹೊಸದಾಗಿ ಕೆಲಸಕ್ಕೆ ಬಂದ ಸೋಮಾರಿ ಹುಡುಗಿಯನ್ನು ನೋಡುವಂತೆ ನನ್ನನ್ನು ನೋಡಿದಳು.

"ಒಳಗೆ ನೋಡಮ್ಮ. ಒಳಗೆ ನೋಡದೆ ಗಂಟು ಕಟ್ತೀಯಾ?"

ಕಿತ್ತುಕೊಂಡು ನೋಡಿದೆ. ಲೋಹದ ಮೂತಿಯೊಳಗೆ ಬಿಳಿ ನಾಲಿಗೆಯಂಥದ್ದು, ಅದರ ಮೇಲೆ ನಾಲ್ಕು ಪಟ್ಟಿ. ನಡುವೆ, ಸರಿಯಾಗಿ ನಡುವೆ, ಒಂದು ಕೆಂಪು ಚುಕ್ಕೆ. ಪಕ್ಕದಲ್ಲಿ ಒಂದು ಸಣ್ಣ ಗೀಟು. ಮಾತಾಡುವ ಎರಡು ಪಟ್ಟಿಗಳಲ್ಲಿ ಚುಕ್ಕೆ ಒಂದನ್ನು ಪೂರ್ತಿ ಮುಚ್ಚಿತ್ತು, ಗೀಟು ಇನ್ನೊಂದನ್ನು ಅರ್ಧ. ಬಣ್ಣ ನನ್ನ ನೈಲ್ ಪಾಲಿಶ್‌ನದು.

ಗುರುತಿಸಲಾಗದ್ದಕ್ಕೆ ಕಾರಣ ಗುರುತು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಮ್ಮನೆಯವರು ಬಂದು ಇಣುಕಿ ನೋಡಿ, "ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಅಂದರು. ಅವರ ಮಾತಿಗೆ ನಾನು ಸಿಡುಕದೆ ಇದ್ದದ್ದು ಅವತ್ತು ಅದೇ ಮೊದಲು.

ನೈಲ್ ಪಾಲಿಶ್ ಕಲೆಗೆ ಏನು ಹಾಕಬೇಕೆಂದು ಲಾಂಡ್ರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅಸಿಟೋನಿನಲ್ಲಿ ಅದ್ದಿ, ಹಿಂಡಿ, ಮೂತಿಯೊಳಗೆ ಮೆಲ್ಲಗೆ ಉಜ್ಜಿದೆ. ಹತ್ತಿ ಕೆಂಪಾಯಿತು. ಇನ್ನೊಂದು ಹತ್ತಿ ತಿಳಿಗೆಂಪಾಯಿತು. ಮೂರನೆಯದು ಬೆಳ್ಳಗೇ ಬಂತು.

"ಇದಕ್ಕೆ ಯಾಕಮ್ಮ ಗುರುತು ಹಾಕ್ದೆ?" ಎಂದು ಉಜ್ಜುತ್ತಲೇ ಕೇಳಿದೆ.

"ಕಳಿಸ್ತಾರಂತಲ್ಲ," ಅಂದಳು ಅಮ್ಮ.

ಯಾರು, ಎಲ್ಲಿಗೆ ಎಂದು ಕೇಳುವ ವ್ಯವಧಾನ ನನಗೆಲ್ಲಿತ್ತು? ಗಡಿಯಾರ ನೋಡಿಕೊಂಡು, ಪೂರ್ತಿ ಒಣಗುವವರೆಗೆ ಊದಿ ಊದಿ, ಕಾಗೆಯನ್ನು ಕಂಪ್ಯೂಟರಿಗೆ ಹಾಕಿದೆ.

ಟಿಂಗ್.

ಆ ಒಂದು ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು ಅಂದರೆ ನಂಬುತ್ತೀರೋ ಇಲ್ಲವೋ. ಗುಂಡಿ ಒತ್ತಿದೆ. ಪ್ರೋಗ್ರಾಮ್ ಒಳಗೆ ಹೋಯಿತು. ಮೆಟ್ಟಿಲು ಹತ್ತಿ ಓಡಿ, ಗೋಡೆಗೆ ಸಿಕ್ಕಿಸಿ, ವೈರ್ ಜೋಡಿಸಿ, ಬಾಗಿಲು ತೆರೆದೆ. ಮೇಲೆ ಏನೂ ಸದ್ದಿಲ್ಲ. ಕೆಳಗೆ ಇಸ್ತ್ರಿ ಮೇಜಿನ ಮೇಲೆ ಬೆಲ್ ಹೊಡೆಯಿತು, "ಬಂತು ಬಂತು" ಅಂದರು ನಮ್ಮನೆಯವರು. ಅಮ್ಮ ಕರವಸ್ತ್ರ ಮಡಿಚುತ್ತಲೇ ಇದ್ದಳಂತೆ.

ಅಕ್ಕ ಹೇಳಿದ ಹೊತ್ತಿಗಿಂತ ಮೊದಲೇ ಬಂದಳು. ಅವಳ ಕೈಯಲ್ಲಿ ಒಂದು ಖಾಲಿ ಸೂಟ್‌ಕೇಸ್ ಇತ್ತು. ಅಮ್ಮನನ್ನು ಮೇಲೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿ, ಅಕ್ಕನಿಗೆ ಬಾಗಿಲು ತೋರಿಸಿದೆ. "ನೀನೇ ತೆಗೆದು ನೋಡು."

ಅಕ್ಕ ಬಾಗಿಲು ತೆರೆದಳು. ಮನೆಯೊಳಗೆ ನಿಶ್ಶಬ್ದ. ಅಮ್ಮ ತಲೆ ಕೂಡ ಎತ್ತಲಿಲ್ಲ. ಕೆಳಗೆ ಬೆಲ್ ಹೊಡೆದು, ಮೆಟ್ಟಿಲ ಮೇಲೆ ದಡದಡ ಸದ್ದಾಗಿ, ನಮ್ಮನೆಯವರು ಒಂದು ತೋಳು ಇಸ್ತ್ರಿಯಾದ ಅಂಗಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಅಕ್ಕ ಬಾಗಿಲು ಮುಚ್ಚಿ ಮತ್ತೆ ತೆರೆದಳು. ಅವರು ಅರ್ಧ ಮೆಟ್ಟಿಲು ಇಳಿದಿದ್ದವರು ಮತ್ತೆ ಹತ್ತಿ ಬಂದರು. ಮೂರನೆಯ ಸಲವೂ ಬಂದರು, ಏದುಸಿರು ಬಿಡುತ್ತಾ.

"ಸಾಕಾ, ಇನ್ನೊಂದು ಸಲ ಓಡಿಸ್ಬೇಕಾ?" ಅಂದೆ ಅಕ್ಕನಿಗೆ.

"ಚೆನ್ನಾಗಿದೆ," ಅಂದಳು. ಅವಳ ಮುಖ ಮಾತ್ರ ಸಡಿಲವಾಗಲಿಲ್ಲ. "ಇವತ್ತು ಚೆನ್ನಾಗಿದೆ. ಇಡೀ ದಿನ ಇದು ಕೆಲಸ ಮಾಡ್ಲಿಲ್ಲ ಅಂತ ಕೆಳಗೆ ನಿಮ್ಮನೆಯವರು ಹೇಳಿದ್ರು. ನಾಳೆ ಮತ್ತೆ ಕೈಕೊಟ್ರೆ? ಆ ರಸ್ತೇಲಿ ಅಮ್ಮ ಹೇಗೆ ನಿಂತಿದ್ಲು ಅಂತ ನೀನು ನೋಡಿಲ್ಲ ಕಣೇ. ನೀನು ಬರೋಷ್ಟೊತ್ತಿಗೆ ನಾನು ಪಕ್ಕಕ್ಕೆ ಕರ್ಕೊಂಡು ಬಂದಾಗಿತ್ತು. ನಂಗೆ ಈಗ್ಲೂ ಕಣ್ಣು ಮುಚ್ಚಿದ್ರೆ ಆ ಲಾರಿ ಕಾಣುತ್ತೆ."

"ಮಾತು ಕೊಟ್ಟು ಈಗ ತಿರುಗಿಸ್ತೀಯಾ? ಎರಡೂ ಆದ್ರೆ ಇಲ್ಲೇ ಇರ್ಲಿ ಅಂದೋಳು ನೀನೇ."

ಅವಳು ಅಮ್ಮನ ಬೀರು ತೆರೆದಳು. "ನೋಡೋಣ ಅಷ್ಟೇ," ಅಂದಳು, ಯಾರಿಗೆ ಹೇಳಿದಳೋ. ಮೇಲಿದ್ದ ಅಂಗಿಯೊಂದನ್ನು ಎಳೆದುಕೊಂಡಳು. ಅವಳೂ ಲಾಂಡ್ರಿಯಲ್ಲಿ ಹುಟ್ಟಿದವಳಲ್ಲವೇ, ಬ್ಯಾಂಕಿಗೆ ಹೋದರೂ ಕೈಗೆ ಬುದ್ಧಿ ಇದೆ. ಕಾಲರ್ ತಿರುವಿ ನೋಡಿದಳು.

ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ಸಣ್ಣ ಗೀಟು.

ಇನ್ನೊಂದು ಎಳೆದಳು. ಅದರಲ್ಲೂ ಇತ್ತು. ಸ್ವೆಟರಿನ ಕತ್ತಿನೊಳಗೆ, ಶಾಲಿನ ಅಂಚಿನ ಮಡಿಕೆಯೊಳಗೆ, ಕಾಲುಚೀಲದ ಒಳಗೂ. ಹಾಸಿಗೆ ಪಕ್ಕದ ಲೋಟವನ್ನು ನಾನು ಮಗುಚಿ ನೋಡಿದೆ, ಅದರ ತಳದಲ್ಲಿತ್ತು. ಕನ್ನಡಕದ ಡಬ್ಬಿಯೊಳಗೆ, ಚಪ್ಪಲಿಯ ಪಟ್ಟಿಯ ಒಳಗೆ. ಈ ಮನೆಯಲ್ಲಿ ಅಮ್ಮನ ಕೈಗೆ ಸಿಕ್ಕ, ಒಳಗು ಅಂತ ಇರುವ ಪ್ರತಿಯೊಂದರಲ್ಲೂ.

"ಗುರುತು ಹಾಕಲ್ಲ ಅಂದಿದ್ದೆ," ಅಂದಳು ಅಕ್ಕ.

"ನಾನು ಹಾಕಿಲ್ಲ," ಅಂದೆ.

ಇಬ್ಬರೂ ಅಮ್ಮನ ಕಡೆ ತಿರುಗಿದೆವು. ಅಮ್ಮ ಅಕ್ಕನ ಮುಖವನ್ನು ಗಿರಾಕಿಯ ಮುಖ ನೋಡುವಂತೆ ನೋಡಿ, "ಬನ್ನಿ, ಕೂತ್ಕೊಳ್ಳಿ," ಅಂದಳು. "ಎಲ್ಲಾದಕ್ಕೂ ಹಾಕಿದೀನಿ. ಒಂದೂ ಬಿಟ್ಟಿಲ್ಲ."

"ಯಾಕಮ್ಮ ಹಾಕ್ದೆ?" ಅಕ್ಕನ ದನಿಯಲ್ಲಿ ಕಲೆಕ್ಟರ್ ಇರಲಿಲ್ಲ.

"ಕಳಿಸ್ತಾರಂತೆ. ಗುರುತು ಹಾಕದಿದ್ರೆ ಕಳೆದುಹೋಗುತ್ತಂತೆ. ಇವಳು ಹಾಕಲ್ಲ ಅಂದ್ಲು." ನನ್ನ ಕಡೆ ಬೆರಳು ತೋರಿಸಿದಳು. "ಸೋಮಾರಿ. ಅದಕ್ಕೆ ನಾನೇ ಹಾಕ್ದೆ."

ಬೆರಳು ತೋರಿಸುವಾಗ ಅವಳ ಸ್ವೆಟರಿನ ತೋಳು ಹಿಂದೆ ಸರಿಯಿತು. ಮಣಿಕಟ್ಟಿನ ಒಳಗಡೆ, ಹಸಿರು ನರಗಳ ಮೇಲೆ, ಅದೇ ಕೆಂಪು ಚುಕ್ಕೆ, ಅದೇ ಗೀಟು. ನಾನು ದಿನಾ ಸ್ನಾನ ಮಾಡಿಸುವ ಕೈ ಅದು. ಬೆಳಗ್ಗೆ ಸ್ನಾನದ ಹೊತ್ತಿಗೆ ಅದು ಅಲ್ಲಿರಲಿಲ್ಲ.

ಅಕ್ಕ ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡಳು. "ಬಟ್ಟೆಗೆ ಹಾಕಿದ್ದು ಸರಿ. ಕೈಗೆ ಯಾಕಮ್ಮ?"

ಇಷ್ಟೂ ತಿಳಿಯದವರಿಗೆ ಹೇಗೆ ಹೇಳಲಿ ಎನ್ನುವಂತೆ ಅಮ್ಮ ಒಂದು ಗಳಿಗೆ ಯೋಚಿಸಿದಳು.

"ಬಟ್ಟೆಗೆ ಮಾತ್ರ ಹಾಕಿದ್ರೆ ಬಟ್ಟೆ ಮಾತ್ರ ವಾಪಸ್ ಬರುತ್ತೆ."

ಅಕ್ಕ ಕೂತಲ್ಲೇ ಬಗ್ಗಿ ಅಮ್ಮನ ಕೈಗೆ ಹಣೆ ಒತ್ತಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು. ನಾನು ಗೋಡೆ ಕಡೆ ತಿರುಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮುಖ ಒರೆಸಿಕೊಂಡು ಫೋನ್ ತೆಗೆದಳು. "ಆ ಜಾಗ ಬೇರೆಯವರಿಗೆ ಕೊಡಿ. ಹೌದು. ನಮ್ಮಮ್ಮ ಬರಲ್ಲ," ಅಂದಳು.

ಅಷ್ಟರಲ್ಲಿ ಅಮ್ಮ ಅಕ್ಕನ ಕೋಟಿನ ಕಾಲರನ್ನು ತಿರುವಿ ಒಳಗೆ ನೋಡುತ್ತಿದ್ದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬೆರಳಿಂದ ಸವರಿ ನೋಡಿದಳು.

"ಇದಕ್ಕೆ ಗುರುತೇ ಇಲ್ಲ," ಅಂದಳು, ಗಾಬರಿಯಲ್ಲಿ. "ಯಾವ ಮನೆದಮ್ಮ ಇದು?"

"ಇದೇ ಮನೆದಮ್ಮ," ಅಂದಳು ಅಕ್ಕ. ತೋಳು ಮಡಿಚಿ ತನ್ನ ಮಣಿಕಟ್ಟನ್ನು ಮುಂದೆ ಹಿಡಿದಳು. "ಹಾಕು."

ಅಮ್ಮ ದಿಂಬಿನ ಚೀಲದೊಳಗೆ ಕೈ ಹಾಕಿ ನನ್ನ ನೈಲ್ ಪಾಲಿಶ್ ಬಾಟಲಿ ಹೊರತೆಗೆದಳು. ಬೆಳಗ್ಗೆಯಿಂದ ಸುಮ್ಮನೆ ಕೂತಲ್ಲಿ ಕೂರಲಾಗದಿದ್ದ ನಾನು ಪಕ್ಕದಲ್ಲಿ ಕೂತು ಮುಚ್ಚಳ ಹಿಡಿದುಕೊಂಡೆ. ಅಮ್ಮನ ಕೈ ಒಂದಿಷ್ಟೂ ನಡುಗಲಿಲ್ಲ. ಚುಕ್ಕೆ ಇಟ್ಟಳು, ಗೀಟು ಎಳೆದಳು, ಊದಿದಳು.

"ಒಣಗೋ ತನಕ ಅಲ್ಲಾಡಬೇಡಿ," ಅಂದಳು ಅಕ್ಕನಿಗೆ. ಇಡೀ ಜಿಲ್ಲೆಗೆ ಹೇಳಿ ಅಭ್ಯಾಸವಿದ್ದ ಅಕ್ಕ ಅಲ್ಲಾಡದೆ ಕೂತಳು.